ಬಂಡಿದಾರಿಗೆ ಒಂದು ಹಿಡಿ

ಭಾಲ್ಕಿಯಿಂದ ಔರಾದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಸ್ಟಾಪು ಇದೆ. ಒಂದು ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಪಕ್ಕದಲ್ಲಿ ತಗಡಿನ ಚಹಾ ಅಂಗಡಿ. ಊರು ಒಳಗಡೆ, ಮಾಂಜ್ರಾ ಹೊಳೆಯ ದಿಕ್ಕಿಗಿದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಊರಿನವರು ನನ್ನನ್ನು ಹಿಡಿದು ಮತ್ತೊಮ್ಮೆ ಊಟಕ್ಕೆ ಕೂರಿಸುತ್ತಾರೆ, ನನ್ನ ಹೊಟ್ಟೆಗೆ ಈಗ ಆ ತಾಕತ್ತು ಉಳಿದಿಲ್ಲ. ನಾನು ಸರಕಾರಿ ಬಸ್ಸಿನ ಡ್ರೈವರನಾಗಿದ್ದವನು. ನೌಕರಿಯ ಮುಕ್ಕಾಲು ಪಾಲು ಇದೇ ರಸ್ತೆಯಲ್ಲಿ ಸವೆಯಿತು. ಆ ಬೇವಿನ ಮರದ ಮುಂದೆ ಬ್ರೇಕು ಒತ್ತೀ ಒತ್ತೀ, ಮರ ಕಣ್ಣಿಗೆ ಬೀಳುವ ಮೊದಲೇ ನನ್ನ ಬಲಗಾಲು ತಾನಾಗಿ ಏಳುತ್ತಿತ್ತು.

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನನ್ನ ಬಸ್ಸಿನಲ್ಲಿ ಕುಳಿತ ದಿನ ಆ ಸ್ಟಾಪು ಬಂತೆಂದರೆ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ಜನ ಹತ್ತಿ, ಇಳಿದು, ಬಸ್ಸು ಮತ್ತೆ ಹೊರಟ ಮೇಲೆಯೇ ಸೆರಗು ಸರಿಯುತ್ತಿತ್ತು. ಮೊದಮೊದಲು ಬಿಸಿಲಿಗೋ ಧೂಳಿಗೋ ಅಂದುಕೊಂಡಿದ್ದೆ. ಆಮೇಲೆ ಮಳೆಗಾಲದಲ್ಲೂ ಹಾಗೇ ಮಾಡಿದಾಗ ಹೆಂಡತಿಯನ್ನು ಕೇಳಿದೆ. ಅದು ನಮ್ಮವ್ವ ಹುಟ್ಟಿದ ಊರು, ಅದರ ಸುದ್ದಿ ತೆಗೀಬ್ಯಾಡ್ರಿ ಅಂದಳು. ನಮ್ಮ ಕಡೆಯ ಹೆಣ್ಣುಮಕ್ಕಳು ಹಣ್ಣುಹಣ್ಣು ಮುದುಕಿಯಾದರೂ ತವರಿನ ಹೆಸರು ಹೇಳುವಾಗ ದನಿ ಏರಿಸುತ್ತಾರೆ. ನನ್ನ ಅತ್ತೆಯ ಬಾಯಲ್ಲಿ ಮಾತ್ರ 'ನಮ್ಮೂರು' ಅನ್ನುವ ಶಬ್ದವನ್ನು ನಾನು ಕೇಳಿರಲೇ ಇಲ್ಲ. 'ಆ ಊರು' ಅನ್ನುತ್ತಿದ್ದರು, ಅದೂ ಅಪರೂಪಕ್ಕೆ.

ನಾನು ನಿವೃತ್ತನಾದಾಗ ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಗೋಡೆಗೆ ಹಾಕುವ ಒಂದು ಗಡಿಯಾರ ಕೊಟ್ಟು ಕಳಿಸಿದರು. ಜೀವಮಾನವೆಲ್ಲ ಟೈಮು ಟೈಮು ಅಂತ ಒದ್ದಾಡಿದವನಿಗೆ ಮತ್ತೊಂದು ಗಡಿಯಾರ! ಅದನ್ನು ಅಟ್ಟಕ್ಕೆ ಎಸೆದೆ. ಒಂದು ಹಳೆಯ ವ್ಯಾನು ಕೊಂಡೆ. ಇನ್ನು ಗಡಿಯಾರ ನೋಡದೆ ಗಾಡಿ ಓಡಿಸುತ್ತೇನೆ, ನಿನಗೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟೆ. ನನ್ನ ಜೊತೆಯವರು ರಿಟೈರಾದ ಕೂಡಲೇ ಕಾಶಿಗೆ ಹೋದರು, ತಿರುಪತಿಗೆ ಹೋದರು. ನನ್ನ ಹೆಂಡತಿ ಮೂಗು ಮುರಿದಳು. ನೀವು ದಿನಾ ಹೋದ ದಾರೀನೇ ನಾನು ನೋಡಿಲ್ಲ, ಕಾಶಿ ಏನು ನೋಡ್ತೀರಿ ಅಂದಳು. ಮಾತು ಖರೆ ಇತ್ತು. ಹಾಗಾಗಿ ನಮ್ಮ ಮೊದಲ ಪ್ರವಾಸ ಬೀದರದಲ್ಲಿರುವ ನಮ್ಮ ಮನೆಯಿಂದ ಬೀದರ ಕೋಟೆಗೆ, ಅಲ್ಲಿಂದ ಭಾಲ್ಕಿಗೆ, ಅಲ್ಲಿಂದ ಔರಾದಕ್ಕೆ ಅಂತ ನಿಕ್ಕಿಯಾಯಿತು.

ಅತ್ತೆ ನಮ್ಮ ಮನೆಯಲ್ಲೇ ಇರುತ್ತಾರೆ. ಎಂಬತ್ತು ದಾಟಿದ್ದರೂ ಅವರ ಕಿವಿ ಚುರುಕು. ಅಡುಗೆಮನೆಯಲ್ಲಿ ನಾವಿಬ್ಬರೂ ದಾರಿಯ ಮಾತಾಡುತ್ತಿದ್ದಾಗ ಒಳಗೆ ಬಂದು ಹೊಸ್ತಿಲ ಹತ್ತಿರ ನಿಂತರು.

"ಔರಾದಕ ಹೊಂಟೀರಂದ್ರ ನಡುವ ನನಗ ಒಂದು ಹೊಲ ತೋರಿಸ್ರಿ," ಅಂದರು. "ರಜಾಕಾರ್ರ ಗದ್ಲದಾಗ ಲಡಾಯಿ ಆಗಿದ್ದ ಹೊಲ. ಕೆಳಗ ಇಳಿದು ನೋಡ್ತೇನಿ. ಆದ್ರ ಆ ಊರಿನ ನೀರು ಮುಟ್ಟಂಗಿಲ್ಲ."

ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಹಾಗೇ ನಿಂತಿತು. ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆಗಲಿ ಬಿಡ್ರಿ ಅತ್ತಿ ಅಂದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ, ಅದೂ ನಮ್ಮ ಸೀಮೆಯವನು ಮಾಡಲೇಬಾರದ ತಪ್ಪು. ಹೊರಡಲು ಎಳ್ಳಮಾಸಿಯ ದಿನ ಆರಿಸಿಕೊಂಡೆ. ನೌಕರಿಯಲ್ಲಿದ್ದಾಗ ಆ ದಿನ ನನಗೆ ಎಂದೂ ರಜೆ ಸಿಕ್ಕಿರಲಿಲ್ಲ. ಬಸ್ಸು ಖಾಲಿ, ರಸ್ತೆ ಖಾಲಿ, ಮಂದಿಯೆಲ್ಲ ಹೊಲದಲ್ಲಿ. ಆರಾಮಾಗಿ ಗಾಡಿ ಓಡಿಸಬಹುದು ಅಂತಷ್ಟೇ ನನ್ನ ತಲೆಗೆ ಹೊಳೆಯಿತು. ಮಂದಿ ಹೊಲದಲ್ಲಿ ಯಾಕೆ ಇರುತ್ತಾರೆ ಅನ್ನುವುದು ಹೊಳೆಯಲಿಲ್ಲ. ಎಳ್ಳಿನ ಅಮಾವಾಸ್ಯೆಯ ದಿನ ನಮ್ಮ ಬೀದರ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುಟ್ಟಿ ತುಂಬ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಹಿಡಿ ಹಿಡಿ ಅನ್ನ ಚೆಲ್ಲಿ, ಆಮೇಲೆ ಉಣ್ಣುತ್ತಾರೆ. ಆವತ್ತು ದಾರಿಯಲ್ಲಿ ಹೋಗುವವನು ಯಾರೇ ಇರಲಿ, ಕರೆದು ಉಣಿಸದೆ ಬಿಡುವುದಿಲ್ಲ. ಜಾತಿ ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ. ಒಲ್ಲೆ ಅಂದರೆ ಹೊಲದವನಿಗೆ ಅವಮಾನ. ಅಂಥ ದಿನ, ಒಂದು ಊರಿನ ನೀರು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ ಮುದುಕಿಯನ್ನು ಅದೇ ಊರಿನ ಹೊಲಕ್ಕೆ ಕರೆದುಕೊಂಡು ಹೊರಟ ಅಳಿಯ ನಾನು.

ಬೇಕಂತಲೇ ಮಾಡೀರಿ ಅಂತ ಹೆಂಡತಿ ಇವತ್ತಿಗೂ ಅನ್ನುತ್ತಾಳೆ. ದೇವರಾಣೆ, ಇಲ್ಲ.

ಬೆಳಿಗ್ಗೆ ಕೋಟೆ ನೋಡಿದೆವು. ಬೀದರದಲ್ಲೇ ಇದ್ದು ನಾನು ಕೋಟೆಯೊಳಗೆ ಕಾಲಿಟ್ಟಿದ್ದು ಶಾಲೆಯಲ್ಲಿದ್ದಾಗ ಮಾತ್ರ. ಹೆಂಡತಿ ಪ್ರತಿ ಕಮಾನಿನ ಕೆಳಗೆ ನಿಂತು ಕತ್ತೆತ್ತಿ ನೋಡಿದಳು. ನನಗೆ ಗಾಡಿಯನ್ನು ಯಾರಾದರೂ ಗೀಚಿದರೇನೋ ಎಂಬ ಚಿಂತೆ. ಅತ್ತೆ ಬುರುಜಿನ ಮೇಲಿನ ದೊಡ್ಡ ತೋಪಿನ ಹತ್ತಿರ ನಿಂತರು. ಅದರ ಬಾಯೊಳಗೆ ಕೈ ಹಾಕಿ ನೋಡಿದರು, ಕೈಗೆ ಬಂದ ಧೂಳನ್ನು ಸೀರೆಗೆ ಒರೆಸಿಕೊಂಡರು.

"ಇಷ್ಟು ದೊಡ್ಡ ತೋಪು ಇಲ್ಲಿ ಸುಮ್ನ ಬಿದ್ದಿತ್ತು ನೋಡು," ಅಂದರು ಮಗಳಿಗೆ. "ನಮ್ಮ ಮಂದಿ ಕೈಯಾಗ ಹಕ್ಕಿ ಹೊಡಿಯೋ ಕವಣಿ ಇತ್ತು."

ಗಾಡಿ ಭಾಲ್ಕಿಯ ದಾರಿ ಹಿಡಿದಾಗ ಆ ಮಾತನ್ನೇ ಹಿಡಿದು ಅವರು ಎಲ್ಲವನ್ನೂ ಹೇಳಿದರು. ನನ್ನ ಹೆಂಡತಿಗೂ ಅದರಲ್ಲಿ ಅರ್ಧ ಹೊಸದು.

ಆಗ ನಮ್ಮದು ಹೈದರಾಬಾದ ಸಂಸ್ಥಾನ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ನಿಜಾಮನ ಪರವಾದ ರಜಾಕಾರರ ದಂಡು ಊರೂರು ಸುತ್ತುತ್ತಿತ್ತು. ಅತ್ತೆಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಜೋಳದ ರಾಶಿ ಮುಗಿದ ದಿನಗಳು, ಹೊಳೆಯಲ್ಲಿ ನೀರು ಇಳಿದಿತ್ತು. ದಂಡು ನಮ್ಮ ಕಡೆಗೇ ಬರುತ್ತಿದೆ ಎಂದು ಒಂದು ಮುಂಜಾನೆ ಸುದ್ದಿ ಬಂತು. ಊರ ಗಂಡಸರು ಹುಡೇವಿನ ಹೊಲದಲ್ಲಿ ನಿಂತರು. ಹುಡೇವು ಅಂದರೆ ಕಾವಲಿಗೆಂದು ಕಟ್ಟಿದ ಮಣ್ಣು ಕಲ್ಲಿನ ದುಂಡನೆಯ ಬುರುಜು. ಕೈಯಲ್ಲಿ ಕವಣೆ, ಕೊಡಲಿ, ಎಲ್ಲೋ ಒಂದು ನಾಡಬಂದೂಕು. ಅತ್ತೆಯ ಅಪ್ಪನೂ ಅಲ್ಲೇ ನಿಂತಿದ್ದ. ಆದರೆ ಊರಿನಲ್ಲಿ ಓಡುವ ಎತ್ತು ಅಂತ ಇದ್ದದ್ದು ಅವನ ಹತ್ತಿರ. ಹಿರಿಯರು ಅವನನ್ನು ಸಾಲಿನಿಂದ ಎಳೆದರು. ಹಸುಗೂಸುಗಳನ್ನೂ ಬಾಣಂತಿಯರನ್ನೂ ಬಂಡಿಗೆ ಹಾಕಿಕೊಂಡು ಹೊಳೆ ದಾಟು ಅಂದರು. ಅವನು ಒಲ್ಲೆ ಅಂದನಂತೆ. ನೀನು ಒಲ್ಲೆ ಅಂದರೆ ಇವನ್ನೆಲ್ಲ ಯಾರು ದಾಟಿಸುತ್ತಾರೆ ಎಂದು ಗದರಿಸಿ ಕಳಿಸಿದರು.

ಬಂಡಿ ಹೊಳೆಯ ಆಚೆ, ಔರಾದ ಕಡೆಯ ಒಂದು ಹಳ್ಳಿ ಸೇರಿತು. ಅಲ್ಲಿ ಅಪ್ಪನ ಜೊತೆ ಎತ್ತಿನ ವ್ಯಾಪಾರ ಮಾಡುತ್ತಿದ್ದ ಒಬ್ಬ ಮುಸಲ್ಮಾನನ ಮನೆ ಇತ್ತು. ಅವನು ಎಲ್ಲರನ್ನೂ ಮೇವಿನ ಕೋಣೆಯಲ್ಲಿ ಇಟ್ಟುಕೊಂಡ. ಕೇಳಲು ಬಂದವರಿಗೆ ನನ್ನ ಹೊಲದ ಆಳುಮಕ್ಕಳು ಅಂದ. ಅವನ ಹೆಂಡತಿ ತನ್ನ ಮಕ್ಕಳ ಜೊತೆ ನನಗೂ ತಲೆ ಬಾಚುತ್ತಿದ್ದಳು ಅಂತ ಹೇಳುವಾಗ ಅತ್ತೆ ತಮ್ಮ ನೆತ್ತಿಯನ್ನು ತಾವೇ ಸವರಿಕೊಂಡರು. ಮಳೆಗಾಲದ ಕೊನೆಗೆ ಪೋಲೀಸ್ ಆ್ಯಕ್ಷನ್ ಆಯಿತು. ಮಿಲಿಟರಿ ಬಂತು, ನಿಜಾಮನ ರಾಜ್ಯ ಮುಗಿಯಿತು. ಬಂಡಿಯಲ್ಲಿ ಬಂದವರನ್ನೆಲ್ಲ ಅವರವರ ಮನೆಯವರು ಹೊಳೆಯ ದಂಡೆಯವರೆಗೆ ಬಂದು ಕರೆದುಕೊಂಡು ಹೋದರು. ಆದರೆ ಈಗ ಹೆದರುವ ಸರದಿ ಆ ಮನೆಯವರದು. ರಜಾಕಾರರ ಸಿಟ್ಟನ್ನು ಜನ ಸಿಕ್ಕ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಅತ್ತೆಯ ಅಪ್ಪ ಆ ಮನೆಯ ಬಾಗಿಲಿಗೆ ಅಡ್ಡ ಹಗ್ಗದ ಹೊರಸು ಹಾಕಿಕೊಂಡು, ಕೈಯಲ್ಲಿ ಬಡಿಗೆ ಹಿಡಿದು ಕುಳಿತ. ಗದ್ದಲ ತಣ್ಣಗಾಗುವವರೆಗೂ ಏಳಲಿಲ್ಲ. ಹಾಗಾಗಿ ಊರಿಗೆ ಎಲ್ಲರಿಗಿಂತ ಕಡೆಗೆ ಮುಟ್ಟಿದವನು ಅವನೇ.

ಊರ ಹೊರಗಿನ ಬಾವಿಯ ಹತ್ತಿರ ಬಂಡಿ ನಿಂತಿತು. ಮಗಳಿಗೆ ನೀರಡಿಕೆ. ಯಾರೋ ನೀರು ಸೇದಿ ತಂಬಿಗೆ ತುಂಬಿ ಕೊಟ್ಟರು. ತಂಬಿಗೆ ತುಟಿಯ ಹತ್ತಿರ ಹೋಗುವುದರೊಳಗೆ ಬಾವಿಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಹಿರಿಯ, ಎತ್ತು ಉಳಿಸಿಕೊಂಡಾಂವ ಬಂದಾ ನೋಡ್ರಿ ಅಂದ. ಲಡಾಯಿ ಬಿಟ್ಟು ಓಡಿಹೋದವನು ಅನ್ನುವುದನ್ನು ಹಾಗೆ ಅಂದದ್ದು. ಅಪ್ಪ ಮಗಳ ಕೈಯಿಂದ ತಂಬಿಗೆ ಕಸಿದು ನೀರನ್ನು ನೆಲಕ್ಕೆ ಸುರಿದ. ಬಂಡಿ ತಿರುಗಿಸಿದವನು ಸೋಲಾಪುರಕ್ಕೆ ಹೋಗಿ ಮಿಲ್ಲು ಸೇರಿದ. ಆ ಊರಿನ ನೀರು ನಮಗೆ ಬೇಡ ಅಂದ, ಅಷ್ಟೇ. ಸಾಯುವವರೆಗೆ ಆ ಊರಿನ ಬಗ್ಗೆ ಅವನು ಆಡಿದ ಮಾತು ಅದೊಂದೇ.

"ಅಪ್ಪ ಓಡಿಹ್ವಾದಾಂವ ಅಲ್ಲ ಅಂತ ನನಗ ಗೊತ್ತದ," ಅಂದರು ಅತ್ತೆ. "ಆ ಊರಿಗಿ ಗೊತ್ತದ ಏನು? ಸಾಯೂದ್ರಾಗ ಅದೊಂದು ತಿಳೀಬೇಕು ನನಗ. ಯಾರರೆ ಅದ ಮಾತು ಅಂದ್ರಂದ್ರ ಗಾಡಿ ತಿರುಗಿಸಿಬಿಡ್ರಿ."

ಇಷ್ಟು ವರ್ಷ ಅವರು ಸೆರಗು ಎಳೆದುಕೊಳ್ಳುವುದನ್ನು ಕನ್ನಡಿಯಲ್ಲಿ ನೋಡಿ ಒಳಗೊಳಗೇ ನಗುತ್ತಿದ್ದೆನಲ್ಲ ಅನ್ನಿಸಿತು. ಹೆಂಡತಿ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಭಾಲ್ಕಿ ದಾಟಿದ್ದೇ ತಡ, ನನ್ನ ತಪ್ಪು ನನ್ನ ಮುಂದೆ ಕೈ ಚಾಚಿ ನಿಂತಿತು. ಒಬ್ಬ ರೈತ ನಡುರಸ್ತೆಯಲ್ಲಿ ಟವೆಲ್ ಬೀಸುತ್ತ ಗಾಡಿಗೆ ಅಡ್ಡ ಬಂದ. ಹಾರ್ನು ಹೊಡೆದೆ, ಜಪ್ಪಯ್ಯ ಅನ್ನಲಿಲ್ಲ. ಹತ್ತಿರ ಬಂದು ಮುಖ ನೋಡಿ, ಅಯ್ಯ ನಮ್ಮ ಬಸ್ಸಿನ ಡ್ರೈವರ ಸಾಹೇಬ್ರು ಅಂದವನೇ ಬಾಗಿಲು ತೆಗೆದು ನನ್ನ ತೋಳು ಹಿಡಿದ. ನನಗೆ ಬೆವರು ಕಿತ್ತಿತು. ಅತ್ತೆ ಮಾತ್ರ ತಣ್ಣಗೆ ಇದು ಯಾವ ಊರಿನ ಹೊಲ ಅಂತ ವಿಚಾರಿಸಿದರು. ಬೇರೆ ಊರಿನದು ಅಂತ ಖಾತ್ರಿ ಮಾಡಿಕೊಂಡು ಇಳಿದರು. ಎರಡು ಗ್ಲಾಸು ಅಂಬಲಿ ಕುಡಿದರು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ ತಿಂದರು, ಬಾಯಿ ತೊಳೆದು ಮತ್ತೆ ಗಾಡಿ ಹತ್ತಿದರು. ಮುಂದಿನ ಊರಿನ ಗಡಿ ಹತ್ತಿರ ಬರುತ್ತಿದ್ದಂತೆ ಮನೆಯಿಂದ ತಂದ ನೀರಿನ ಬಾಟಲಿಯನ್ನು ಚೀಲದಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಣೆ ಅಂದರೆ ಆಣೆ, ಹೊಲದ ಬದುವಿನಷ್ಟು ಖಚಿತ.

ಬೇವಿನ ಮರ ಬಂತು. ಬಲಗಾಲು ತಾನೇ ಎದ್ದಿತು. ಕನ್ನಡಿಯಲ್ಲಿ ನೋಡಿದರೆ ಸೆರಗು ಮುಖದ ಮೇಲೆ ಬಂದಿತ್ತು. ಹಬ್ಬವೆಂದು ಚಹಾ ಅಂಗಡಿಗೆ ಬೀಗ. ಜೀವಮಾನದಲ್ಲಿ ಮೊದಲ ಸಲ ನಾನು ಆ ಮರದ ಹತ್ತಿರ ಸ್ಟೇರಿಂಗ್ ಒಳದಾರಿಗೆ ತಿರುಗಿಸಿದೆ.

ಹೊಲ ಹುಡುಕುವುದು ಕಷ್ಟವಾಗಲಿಲ್ಲ. ಹುಡೇವು ದೂರದಿಂದಲೇ ಕಾಣುತ್ತಿತ್ತು, ಅರ್ಧ ಕುಸಿದಿತ್ತು, ನೆತ್ತಿಯ ಮೇಲೆ ಸೀತಾಫಲದ ಗಿಡ ಬೆಳೆದಿತ್ತು. ಸುತ್ತ ಕರಿಯ ಎರೆ ಹೊಲ. ಅರ್ಧಕ್ಕೆ ಕಡಲೆ, ಅರ್ಧಕ್ಕೆ ತೆನೆ ಕಟ್ಟಿದ ಜೋಳ. ಬೋರ್ಡಿಲ್ಲ, ಕಲ್ಲಿಲ್ಲ, ಟಿಕೆಟ್ಟಿಲ್ಲ. ಖರೆ ಹೇಳುತ್ತೇನೆ, ನನಗೆ ಸ್ವಲ್ಪ ನಿರಾಸೆಯೇ ಆಯಿತು. ಬೆಳಿಗ್ಗೆ ಅಷ್ಟು ದೊಡ್ಡ ಕೋಟೆ ನೋಡಿ ಬಂದ ಕಣ್ಣಿಗೆ ಇದೊಂದು ರಣರಂಗ ಅಂತ ನಂಬುವುದು ಹೇಗೆ?

ಅತ್ತೆ ಚಪ್ಪಲಿ ಬಿಟ್ಟು ಹೊಲಕ್ಕಿಳಿದರು. ಮಗಳು ಕೈ ಹಿಡಿಯಲು ಹೋದರೆ ಕೊಡವಿಕೊಂಡರು. ಬದುವಿನ ಪಕ್ಕ ಒಂದು ಕಡೆ ಹೊಳೆಯಲ್ಲಿ ಸವೆದ ನುಣ್ಣನೆಯ ದುಂಡುಕಲ್ಲುಗಳನ್ನು ಗುಡ್ಡೆ ಹಾಕಿದ್ದರು. ಎರೆ ಹೊಲದಲ್ಲಿ ಅಂಥ ಕಲ್ಲು ಹುಟ್ಟುವುದಿಲ್ಲ. ಅತ್ತೆ ಒಂದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ಮುಷ್ಟಿಯೊಳಗೆ ಸರಿಯಾಗಿ ಕೂರುವ ಕಲ್ಲು. ಕವಣೆಗೆ ಹಾಕಲು ಹೊಳೆಯಿಂದ ಹೊತ್ತು ತಂದದ್ದು ಅಂತ ಅವರು ಹೇಳಬೇಕಾಗಲಿಲ್ಲ. ಆ ಕಲ್ಲು ನೋಡಿದ ಮೇಲೆ ನನ್ನ ನಿರಾಸೆ ಎಲ್ಲಿ ಹೋಯಿತೋ ತಿಳಿಯದು.

ಅಷ್ಟರಲ್ಲಿ ಹೊಲದವರು ನಮ್ಮನ್ನು ನೋಡಿಬಿಟ್ಟರು. ಐವತ್ತು ದಾಟಿದ ಗಂಡಸು ತಲೆಗೆ ಸುತ್ತಿದ ಟವೆಲ್ ಬಿಚ್ಚುತ್ತ ಓಡಿಬಂದ, ಹಿಂದೆ ಅವನ ಹೆಂಡತಿ. ಬರ್ರಿ ಬರ್ರಿ, ಹೊತ್ತಿಗಿ ಸರಿ ಬಂದೀರಿ ಅಂದರು. ನನ್ನ ಹೆಂಡತಿ ತನಗೆ ಗೊತ್ತಿದ್ದ ನೆಪಗಳನ್ನೆಲ್ಲ ಹೇಳಿದಳು. ನಮ್ಮವ್ವಗೆ ಶುಗರು, ಹೊಟ್ಟೆ ಸರಿಯಿಲ್ಲ, ಈಗಷ್ಟೇ ಉಂಡು ಬಂದಿದ್ದೇವೆ. ಅವನು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಣ್ಣದಿದ್ದರೆ ಬಿಡ್ರಿ, ನೆರಳಿಗಾದರೂ ಕೂಡ್ರಿ ಅಂದ. ಅದಕ್ಕೆ ಒಲ್ಲೆ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಕೊಂಪೆಯ ಮುಂದೆ ಐದು ಕಲ್ಲುಗಳಿಗೆ ಸುಣ್ಣ, ಕುಂಕುಮ ಹಚ್ಚಿ ಪೂಜೆ ಮಾಡಿದ್ದರು. ಐದೂ ಅದೇ ಗುಡ್ಡೆಯ ದುಂಡುಕಲ್ಲುಗಳು. ಪಕ್ಕದಲ್ಲಿ ಗಡಿಗೆ ತುಂಬ ಭಜ್ಜಿ. ಹೊರಗಿನವರಿಗೆ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು. ನಮ್ಮಲ್ಲಿ ಎಳ್ಳಮಾಸಿಯ ಭಜ್ಜಿ ಬೇರೆ. ಹಸಿ ಕಡಲೆ, ಹಸಿ ತೊಗರಿ, ಅವರೆ, ಬದನೆ, ಮೆಂತ್ಯ, ಹೊಲದಲ್ಲಿ ಸಿಕ್ಕ ಸೊಪ್ಪೆಲ್ಲ ಹಾಕಿ, ಹುಣಸೆರಸ ಹಿಂಡಿ, ಕಡಲೆಹಿಟ್ಟು ಕಲಸಿ ಕುದಿಸಿದ್ದು. ವಾಸನೆ ಮೂಗಿಗೆ ಬಡಿಯಿತು. ಅಂಬಲಿ ಯಾವಾಗಲೋ ಕರಗಿ ಹೋಗಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ನಾನು ಮೆಲ್ಲಗೆ ತಾಟಿನ ಕಡೆ ನೋಡಿದೆ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ನನ್ನ ಕೈ ತಾನಾಗಿ ಹಿಂದಕ್ಕೆ ಬಂತು. ಅವ್ವ ಉಣ್ಣದ ಕಡೆ ಅಳಿಯನೂ ಉಣ್ಣುವಂತಿಲ್ಲ ಅಂತ ಅದರ ಅರ್ಥ. ಅತ್ತೆ ಬಾಟಲಿ ಹಿಡಿದು ನೆಟ್ಟಗೆ ಕುಳಿತಿದ್ದರು.

ಹೊಲದವನು ಬುಟ್ಟಿಯಲ್ಲಿ ಚರಗ ತುಂಬಿಕೊಂಡು ಎದ್ದ. ಅವನು ಮುಂದೆ ಚೆಲ್ಲುತ್ತ, ಹೆಂಡತಿ ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತ ಹೊಲದ ಸುತ್ತ ನಡೆದರು. ಹೊಳೆಯ ಕಡೆಗಿರುವ ಮೂಲೆಗೆ ಬಂದಾಗ ಅವನು ನಿಂತ. ಹೊಲಕ್ಕೆ ಬೆನ್ನು ಹಾಕಿದ. ಬದುವಿನ ಆಚೆ ಒಂದು ಹಳೆಯ ಬಂಡಿದಾರಿ ಹೊಳೆಗೆ ಇಳಿಯುತ್ತಿತ್ತು, ಈಗ ಅದರ ತುಂಬ ಜಾಲಿ ಮುಳ್ಳು. ಬುಟ್ಟಿಯಲ್ಲಿ ಉಳಿದ ಕೊನೆಯ ಹಿಡಿಯನ್ನು ಅವನು ಆ ದಾರಿಗೆ ದೂರ ಬೀಸಿ ಎಸೆದ. ಕೈಯೆತ್ತಿ ಮುಗಿದ. ಆಮೇಲೆ ತಿರುಗಿ ಬಂದ.

ಅತ್ತೆ ಆ ಮೂಲೆಯಿಂದ ಕಣ್ಣು ಕೀಳಲಿಲ್ಲ. ಅವನು ಬಂದು ಕೂರುವವರೆಗೂ ಕಾದರು.

"ಅಲ್ಲಿ ನಿಮ್ಮ ಹೊಲ ಇಲ್ಲಲ್ಲಪ್ಪ. ದಾರಿಗಿ ಯಾಕ ಚೆಲ್ಲಿದಿ?"

"ಅದು ಬಂಡಿಯವಂದ್ರಿ, ಆಯಿ."

"ಯಾ ಬಂಡಿಯವಂದು?"

ಅವನು ಟವೆಲಿನಿಂದ ಮುಖ ಒರೆಸಿಕೊಂಡು, ಎಲ್ಲರಿಗೂ ಹೇಳುವ ಹಾಗೆ ಸಹಜವಾಗಿ ಹೇಳಿದ. ರಜಾಕಾರರ ಗದ್ದಲದಲ್ಲಿ ಅವನ ಮುತ್ಯಾ, ಅಂದರೆ ಅಜ್ಜ, ಇದೇ ಹೊಲದಲ್ಲಿ ಗುಂಡು ಬಡಿದು ಬಿದ್ದಿದ್ದ. ಮುತ್ಯಾನ ಹೆಂಡತಿ, ಅಂದರೆ ಅವನ ಆಯಿ, ಆಗ ಬಾಣಂತಿ. ಅವಳನ್ನೂ ಕೂಸನ್ನೂ ಊರಿನವನೊಬ್ಬ ಬಂಡಿಯಲ್ಲಿ ಹೊಳೆ ದಾಟಿಸಿದ. ಆ ಕೂಸೇ ತನ್ನ ಅಪ್ಪ. ಎಲ್ಲ ಮುಗಿದು ಬಂಡಿಯವನು ಊರಿಗೆ ತಿರುಗಿ ಬಂದ ದಿನ, ಬಾವಿಕಟ್ಟೆಯ ಮೇಲೆ ಮುತ್ಯಾನ ಅಪ್ಪ ಕುಳಿತಿದ್ದ. ಮಗನನ್ನು ಕಳೆದುಕೊಂಡ ಸಂಕಟದಲ್ಲಿ ಆ ಹಿರಿಯನ ಬಾಯಿಂದ ಆಡಬಾರದ ಮಾತು ಬಂತು. ಬಂಡಿಯವನು ನೀರೂ ಮುಟ್ಟದೆ ಹೊರಟುಹೋದ.

ಇಷ್ಟು ಹೇಳಿ ಅವನು ಹೆಂಡತಿಯ ಕಡೆ ನೋಡಿದ. ಉಳಿದದ್ದನ್ನು ಹೇಳಲು ಸಂಕೋಚವಾಗುತ್ತಿತ್ತು ಅಂತ ಕಾಣುತ್ತದೆ.

"ಮುಂದ?" ಅಂದರು ಅತ್ತೆ.

"ಸುದ್ದಿ ಕೇಳಿ ನಮ್ಮ ಆಯಿ ಕೂಸಿನ್ನ ಒಯ್ದು ಮಾವನ ಮುಂದ ಇಟ್ಲಂತ್ರಿ. ನಿನ್ನ ಮನಿ ದೀಪ ಯಾ ಬಂಡ್ಯಾಗ ಉಳೀತು ಹೇಳು ಅಂತ ಕೇಳಿದ್ಲಂತ. ಆ ಮುದುಕ ಸೋಲಾಪುರದ ತನಕ ಹುಡುಕ್ಯಾಡಿ ಬಂದಾನ್ರಿ. ಸಿಗಲಿಲ್ಲ. ಆ ವರ್ಷದಿಂದ ಎಳ್ಳಮಾಸಿಗಿ ಒಂದು ಹಿಡಿ ಬಂಡಿದಾರಿಗಿ. ನಾವು ಬಿಟ್ಟಿಲ್ರಿ."

ಹೆಂಡತಿ ನನ್ನ ಮೊಣಕೈ ಹಿಡಿದಳು, ಉಗುರು ಊರಿತು. ಅತ್ತೆ ತೊಡೆಯ ಮೇಲಿನ ಬಾಟಲಿಯನ್ನು ನೆಲಕ್ಕಿಟ್ಟರು. ಹೊಲದವನ ಮುಖವನ್ನು ಮೂಗಿನಿಂದ ಹಣೆಯವರೆಗೆ, ಹಣೆಯಿಂದ ಕಿವಿಯವರೆಗೆ ನೋಡಿದರು, ಮದುವೆಗೆ ಗಂಡು ನೋಡಿದ ಹಾಗೆ.

"ಆ ಬಂಡಿ ನಮ್ಮಪ್ಪಂದು," ಅಂದರು. "ನಾ ಅದರಾಗ ಇದ್ದೆ. ನಿಮ್ಮಪ್ಪನ್ನ ನನ್ನ ತೊಡಿ ಮ್ಯಾಲ ಹಾಕಿದ್ರು. ಹೊಳಿ ಮುಟ್ಟೂ ತನಕ ಅತ್ತ. ಹೊಳಿ ನಡುವ ನನ್ನ ಲಂಗದ ಮ್ಯಾಲ ಉಚ್ಚಿ ಹೊಯ್ದ."

ಹೊಲದವನು ಅತ್ತೆಯ ಹತ್ತಿರ ಸರಿದು ಕುಳಿತ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡ, ಇದ್ದಿದ್ದರೆ ನಿಮ್ಮ ಕಾಲು ಬಿಡುತ್ತಿರಲಿಲ್ಲ ಅಂತ ಅವನು ಏನೇನೋ ತೊದಲಿದ. ಆಮೇಲೆ ಸುಧಾರಿಸಿಕೊಂಡು ಕೈ ಮುಗಿದ.

"ನೀರರೆ ಕುಡೀರಿ, ಆಯಿ. ನಾವು ಇನ್ನೂ ಎಷ್ಟು ವರ್ಷ ದಾರಿಗಿ ಚೆಲ್ಲಬೇಕು?"

ಅತ್ತೆ ಈ ನೀರು ಯಾವ ಬಾವಿಯದು ಅಂತ ಕೇಳಿದರು. ಅದೇ ಬಾವಿಯದು, ಈಗ ಮೋಟಾರು ಕೂರಿಸಿದ್ದೇವೆ, ಬಾವಿ ಅದೇ ಅಂದ. ಅತ್ತೆ ಕೈ ಚಾಚಿದರು. ಹೊಲದವನ ಹೆಂಡತಿ ತಂಬಿಗೆ ತುಂಬಿ ಕೊಟ್ಟಳು. ಅತ್ತೆ ಅದನ್ನು ಒಂದು ಗಳಿಗೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ಈ ಸಲ ಕಸಿಯುವವರು ಯಾರೂ ಇರಲಿಲ್ಲ. ಕತ್ತೆತ್ತಿ, ತುಟಿಗೆ ತಾಗಿಸದೆ, ಗಟಗಟನೆ ಕೊನೆಯ ಹನಿಯವರೆಗೂ ಕುಡಿದರು. ನೀರು ಗಲ್ಲದಿಂದ ಕುತ್ತಿಗೆಗೆ, ಅಲ್ಲಿಂದ ಕುಪ್ಪಸಕ್ಕೆ ಇಳಿಯಿತು. ನನ್ನ ಕಣ್ಣೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ತಂಬಿಗೆ ಕೆಳಗಿಟ್ಟು ಅವರು ಬಾಯಿ ಒರೆಸಿಕೊಂಡರು. "ಸ್ವಲ್ಪ ಸವಳು ಅದ," ಅಂದರು. "ಇನ್ನೊಂದು ತಂಬಿಗಿ ಕೊಡವ್ವ."

ಎಲ್ಲರೂ ನಕ್ಕರು. ಅಳುತ್ತಲೇ ನಕ್ಕರು. ಆ ನಗುವಿನಲ್ಲಿ ನಾನು ತಾಟು ಎಳೆದುಕೊಂಡೆ, ಈ ಸಲ ಹೆಂಡತಿ ನನ್ನನ್ನು ನೋಡಲಿಲ್ಲ. ಆವತ್ತು ನಾನು ಉಂಡ ಭಜ್ಜಿಯ ಲೆಕ್ಕ ಇಡುವುದು ಬೇಡ. ಅತ್ತೆಯೂ ಉಂಡರು. ಉಪ್ಪು ಒಂದು ಚಿಟಿಕೆ ಹೆಚ್ಚಾಗಿದೆ, ನಮ್ಮವ್ವ ಇದಕ್ಕೆ ಹುಳಿಚಿಕ್ಕದ ಸೊಪ್ಪು ಹಾಕುತ್ತಿದ್ದಳು ಅಂತ ಹೊಲದವನ ಹೆಂಡತಿಗೆ ಪಾಠ ಹೇಳಿದರು. ಅವಳು ಅದನ್ನು ಮನೆ ಹಿರಿಯರ ಮಾತಿನ ಹಾಗೆ ತಲೆ ಆಡಿಸುತ್ತ ಕೇಳಿಸಿಕೊಂಡಳು. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿ ಅಕ್ಕಪಕ್ಕದ ಹೊಲದವರೆಲ್ಲ ತಮ್ಮ ತಮ್ಮ ಗಡಿಗೆ ಹಿಡಿದು ಬಂದುಬಿಟ್ಟರು. ನಾಲ್ಕು ಹೊಲದ ಭಜ್ಜಿಯ ರುಚಿ ನೋಡಲೇಬೇಕಾಯಿತು. ಒಂದೊಂದು ಮನೆಯವರೂ ತಮ್ಮ ಮನೆಯ ಯಾರು ಆ ಬಂಡಿಯಲ್ಲಿದ್ದರು ಅಂತ ಹೇಳುತ್ತಿದ್ದರು. ಬಂಡಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಮಂದಿ ಆದರು. ಅತ್ತೆ ಯಾರಿಗೂ ಅಲ್ಲ ಅನ್ನಲಿಲ್ಲ.

ಬಂಡಿ ಯಾರ ಮನೆಗೆ ಹೋಯಿತು ಅಂತ ಹೊಲದವನು ಕೇಳಿದ. ಅವನ ಆಯಿಗೂ ಬಂಡಿಯ ಉಳಿದವರಿಗೂ ಆ ಮನೆಯವರ ಬಗ್ಗೆ ಬಾಯಿ ಬಿಡಬಾರದೆಂದು ಬಂಡಿಯವನೇ ಹೇಳಿ ಕಳಿಸಿದ್ದನಂತೆ. ಆಗಿನ ದಿನಗಳಲ್ಲಿ ಹೇಳಿದರೂ ಅಪಾಯ, ಮುಚ್ಚಿಟ್ಟರೂ ಅಪಾಯ. ಅತ್ತೆ ಆ ಎತ್ತಿನ ವ್ಯಾಪಾರಿಯ ಬಗ್ಗೆ, ಅವನ ಹೆಂಡತಿಯ ಬಗ್ಗೆ, ಮೇವಿನ ಕೋಣೆಯ ಬಗ್ಗೆ, ಅಪ್ಪ ಬಾಗಿಲಿಗೆ ಅಡ್ಡ ಕುಳಿತದ್ದರ ಬಗ್ಗೆ ಎಲ್ಲವನ್ನೂ ಹೇಳಿದರು. ಅವನು ತಡವಾಗಿ ಬಂದದ್ದು ಯಾಕೆ ಅಂತ ಆ ಊರಿಗೆ ತಿಳಿದದ್ದು ಆವತ್ತೇ. ಆಮೇಲೆ ಅತ್ತೆ ಗಡಿಗೆಯಿಂದ ಒಂದು ಹಿಡಿ ತೆಗೆದುಕೊಂಡು, ನನ್ನ ಹೆಗಲು ಹಿಡಿದು ಆ ಮೂಲೆಯವರೆಗೆ ನಡೆದರು. ಜಾಲಿ ಮುಳ್ಳಿನ ಮೇಲೆ, ಹೊಳೆಯ ದಿಕ್ಕಿಗೆ, ತಮ್ಮ ಶಕ್ತಿ ಇದ್ದಷ್ಟು ದೂರಕ್ಕೆ ಎಸೆದರು.

"ಮುಂದಿನ ವರ್ಷದಿಂದ ಹೊಳಿ ಆಚಿ ಮನಿಗೂ ಒಂದು ಹಿಡಿ ಚೆಲ್ಲು," ಅಂದರು ಹೊಲದವನಿಗೆ. ಅವನು ಹೂಂ ಅಂದ.

ಔರಾದಕ್ಕೆ ಆವತ್ತು ಹೋಗಲೇ ಇಲ್ಲ. ಹೊತ್ತು ಇಳಿಯುತ್ತಿತ್ತು, ನನ್ನ ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ಗಾಡಿಯ ಹಿಂದಿನ ಸೀಟಿನಲ್ಲಿ ಅವರು ಕಟ್ಟಿಕೊಟ್ಟ ರೊಟ್ಟಿಯ ಗಂಟು, ಹಸಿ ಕಡಲೆಗಿಡದ ಹೊರೆ, ಒಂದು ದುಂಡುಕಲ್ಲು. ಮನೆಯ ನೀರನ್ನು ಹೊಲಕ್ಕೆ ಚೆಲ್ಲಿ ಬಾಟಲಿಗೆ ಆ ಬಾವಿಯ ನೀರು ತುಂಬಿಸಿಕೊಂಡಿದ್ದರು ಅತ್ತೆ. ಒಳದಾರಿಯಿಂದ ಡಾಂಬರು ರಸ್ತೆಗೆ ಬರುವಷ್ಟರಲ್ಲಿ ಬೇವಿನ ಮರ ಕಾಣಿಸಿತು. ಬಲಗಾಲು ಎದ್ದಿತು, ಗಾಡಿ ನಿಂತಿತು. ಹಳೆಯ ಚಾಳಿಯಂತೆ ನಾನು ಕನ್ನಡಿ ನೋಡಿದೆ. ಅತ್ತೆಯ ಸೆರಗು ಹೆಗಲ ಮೇಲೆ ಇತ್ತು, ಮುಖ ಕಿಟಕಿಯ ಹೊರಗೆ ಇತ್ತು.

ಕಟ್ಟೆಯ ಮೇಲೆ ಖಾಲಿ ಬುಟ್ಟಿ, ಗಡಿಗೆ ಹಿಡಿದುಕೊಂಡು ಮೂರ್ನಾಲ್ಕು ಮಂದಿ ಬಸ್ಸಿಗೆ ಕಾಯುತ್ತ ಕುಳಿತಿದ್ದರು. ಹಬ್ಬದ ದಿನ ಆ ಹೊತ್ತಿನ ಬಸ್ಸು ಬರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅತ್ತೆ ಅವರನ್ನು ಕೈ ಬೀಸಿ ಕರೆದರು. ಭಾಲ್ಕಿಗೆ ಬರುವವರು ಹತ್ತಿರಿ ಅಂದರು. ನನಗೆ ರೇಗಿತು. ರಿಟೈರಾದ ಮೇಲೂ ಪ್ಯಾಸೆಂಜರ್ ಹೊರಬೇಕೇನ್ರಿ, ಜಾಗ ಎಲ್ಲದ, ಕಡಲೆಗಿಡದ ಹೊರೆ ಬೇರೆ ಇದೆ ಅಂತ ಗೊಣಗಿದೆ.

ಅತ್ತೆ ಹೊರೆಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಸೀಟಿನ ಮೂಲೆಗೆ ಸರಿದರು.

"ಒತ್ತಿ ಕೂಡ್ರಿಸ್ರಿ," ಅಂದರು. "ನಮ್ಮೂರ ಮಂದಿ."

ನಾನು ಇಳಿದು ಹಿಂದಿನ ಬಾಗಿಲು ತೆಗೆದೆ.